ಬೇ ಕ್ಯಾಂಪಿಂಗ್‌ಗೆ ಹೊರಟಿದ್ದೀರಾ? ಸೈಟ್ ಬುಕ್ ಮಾಡುವ ಮೊದಲು ಪಂಚಾಂಗ ತೆಗೆಯಿರಿ

ಟೆಂಟ್ ಯಾವ ಸೈಜಿನದು ಬೇಕು, ಸ್ಲೀಪಿಂಗ್ ಬ್ಯಾಗ್ ಎಷ್ಟು ಡಿಗ್ರಿಯದು, ಸ್ಟವ್ ಎಲ್ಲಿ ಅಗ್ಗ, ಇವೆಲ್ಲ ಇಲ್ಲಿ ಬರೆಯುವುದಿಲ್ಲ. ಅದನ್ನು ಹೇಳುವವರು ನಿಮ್ಮ ಆಫೀಸಿನಲ್ಲೇ ಹತ್ತು ಜನ ಸಿಗುತ್ತಾರೆ. ನಾನು ಹೇಳಹೊರಟಿರುವುದು ಒಂದೇ ವಿಷಯ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಇರುವ ನಮ್ಮವರು ಕೊಲ್ಲಿಯ ದಂಡೆಯಲ್ಲಿ ಟೆಂಟ್ ಹಾಕಬೇಕು ಅಂದುಕೊಂಡಾಗ ಜಾಗ ಹೇಗೆ ಆರಿಸಬೇಕು ಅನ್ನುವುದು. ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಬಂದ ಕುಟುಂಬಗಳು ಅದೇ ಗುಂಡಿಗೆ ಬೀಳುವುದನ್ನು ನೋಡಿ ನೋಡಿ ಸಾಕಾಗಿ ಹೋಗಿದೆ. ಹೆಸರಲ್ಲಿ 'ಬೇ' ಇದೆ, ಫೋಟೋದಲ್ಲಿ ನೀರಿದೆ, ಶನಿವಾರ ಖಾಲಿ ಇದೆ, ಬುಕ್. ಅಷ್ಟೇ. ಆ ನೀರು ಯಾವ ಹೊತ್ತಿಗೆ ಅಲ್ಲಿರುತ್ತದೆ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ.

ಬುಕಿಂಗ್ ವಿಷಯ ಬೇಗ ಮುಗಿಸಿಬಿಡೋಣ. ಇಲ್ಲಿನ ಕ್ಯಾಂಪ್‌ಗ್ರೌಂಡ್‌ಗಳಿಗೆಲ್ಲ ಒಬ್ಬನೇ ಯಜಮಾನ ಇಲ್ಲ. ಸ್ಟೇಟ್ ಪಾರ್ಕ್‌ಗಳದ್ದು ರಿಸರ್ವ್ ಕ್ಯಾಲಿಫೋರ್ನಿಯಾ ಅನ್ನುವ ವೆಬ್‌ಸೈಟ್. ನ್ಯಾಷನಲ್ ಪಾರ್ಕ್ ಸರ್ವೀಸ್‌ನವು, ಉದಾಹರಣೆಗೆ ಪಾಯಿಂಟ್ ರೇಯ್ಸ್, ಸಿಗುವುದು ರಿಕ್ರಿಯೇಶನ್ ಡಾಟ್ ಗವ್‌ನಲ್ಲಿ. ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಥರದ್ದು, ಅದರ ಪಾರ್ಕ್‌ಗಳಿಗೆ ಆಯಾ ಕೌಂಟಿಯದೇ ವೆಬ್‌ಸೈಟ್ ಇರುತ್ತದೆ. ಖಾಸಗಿಯವರದು ಇನ್ನೊಂದು ಲೋಕ. ಒಂದೇ ಊರಲ್ಲಿ ಎರಡು ಮೂರು ಯಜಮಾನರು ಇರಬಹುದು. ಬೊಡೆಗಾ ಬೇ ನೋಡಿ. ಬೊಡೆಗಾ ಡ್ಯೂನ್ಸ್ ಸ್ಟೇಟ್‌ನದು, ಕೂಗಳತೆ ದೂರದ ಡೋರನ್ ಮತ್ತು ವೆಸ್ಟ್‌ಸೈಡ್ ಸೊನೋಮಾ ಕೌಂಟಿಯವು. ಹೊಸಬರು ಸ್ಟೇಟ್ ವೆಬ್‌ಸೈಟ್ ಒಂದನ್ನೇ ನೋಡಿ 'ಬೊಡೆಗಾ ಬೇ ಪೂರ್ತಿ ಫುಲ್ ಆಗಿದೆ' ಅಂತ ಕೈಬಿಡುತ್ತಾರೆ. ಪಕ್ಕದ ಕೌಂಟಿ ಪಾರ್ಕ್‌ನಲ್ಲಿ ಜಾಗ ಹಾಗೇ ಇರುತ್ತದೆ.

ಸ್ಟೇಟ್ ಪಾರ್ಕ್‌ಗಳ ಬಾಗಿಲು ತೆರೆಯುವುದು ಸಾಮಾನ್ಯವಾಗಿ ಆರು ತಿಂಗಳು ಮೊದಲು, ದಿನಕ್ಕೊಂದು ದಿನಾಂಕದಂತೆ, ಬೆಳಗ್ಗೆ 8 ಗಂಟೆಗೆ. ಫೆಡರಲ್ ವೆಬ್‌ಸೈಟ್‌ನಲ್ಲಿ, ಅಂದರೆ ರಿಕ್ರಿಯೇಶನ್ ಡಾಟ್ ಗವ್‌ನಲ್ಲಿ, ಬಹುಮಟ್ಟಿಗೆ ಪೂರ್ವ ಕರಾವಳಿಯ 10 ಗಂಟೆ ಲೆಕ್ಕ, ಅಂದರೆ ನಮಗೆ 7. ಎಂಟಕ್ಕೆ ಅಲಾರಂ ಇಟ್ಟುಕೊಂಡು ಕೂತವರಿಗೆ ಏನು ಉಳಿದಿರುತ್ತದೆ ಅಂತ ನೀವೇ ಯೋಚಿಸಿ. ಎಷ್ಟು ತಿಂಗಳು ಮೊದಲು ಅನ್ನುವುದು ಫೆಡರಲ್‌ನಲ್ಲಿ ಪಾರ್ಕಿನಿಂದ ಪಾರ್ಕಿಗೆ ಬೇರೆ, ಆಯಾ ಪುಟದಲ್ಲೇ ಬರೆದಿರುತ್ತಾರೆ. ಬುಕಿಂಗ್ ಶುಲ್ಕ ಒಂದು ಸಲಕ್ಕೆ ಸುಮಾರು 8 ಡಾಲರ್, ಅದು ವಾಪಸ್ ಬರುವುದಿಲ್ಲ. ಕ್ಯಾನ್ಸಲ್ ಮಾಡಿದರೆ ಅದಕ್ಕೂ ದುಡ್ಡು. ನನ್ನನ್ನು ಕೇಳಿದರೆ ಮೂರರಲ್ಲಿ ಕೌಂಟಿಯದೇ ವಾಸಿ. ಫೋನ್ ಮಾಡಿದರೆ ಆ ಕಡೆ ಪಾರ್ಕು ಕಣ್ಣಾರೆ ಕಂಡವರು ಸಿಗುವ ಸಾಧ್ಯತೆ ಜಾಸ್ತಿ. 'ಆ ಸೈಟ್ ಬೇಡ, ಅಲ್ಲಿ ಗಾಳಿ, ಇದು ತಗೊಳ್ಳಿ' ಅಂತ ಬಾಯಿಬಿಟ್ಟು ಹೇಳುತ್ತಾರೆ. ಸ್ಟೇಟ್‌ನದು ಎಂಟು ಗಂಟೆಗೆ ಎಲ್ಲರೂ ಒಟ್ಟಿಗೆ ಬಟನ್ ಒತ್ತುವ ಆಟ. ಬೆರಳು ಚುರುಕಿದ್ದವರಿಗೆ ಸೈಟು, ಉಳಿದವರಿಗೆ ಸುಮ್ನೆ ಬೇಜಾರು.

ಇನ್ನು ಹೆಸರುಗಳ ಕಥೆ. ಹಾಫ್ ಮೂನ್ ಬೇ ಸ್ಟೇಟ್ ಬೀಚ್‌ನ ಫ್ರಾನ್ಸಿಸ್ ಬೀಚ್ ಕ್ಯಾಂಪ್‌ಗ್ರೌಂಡ್ ನಮ್ಮವರ ಮೊದಲ ಆಯ್ಕೆ, ಯಾಕೆಂದರೆ ಹತ್ತಿರ. ಹೆಸರಲ್ಲಿ ಬೇ ಇದ್ದರೂ ಅದು ಎದುರಿಸಿ ನಿಂತಿರುವುದು ತೆರೆದ ಪೆಸಿಫಿಕ್ ಸಾಗರವನ್ನು. ದಂಡೆ ಕಡಿದಾಗಿದೆ, ಅಲೆ ದಡಕ್ಕೇ ಬಂದು ಒಡೆಯುತ್ತದೆ, ಒಳಗೆ ಎಳೆಯುವ ಸೆಳೆತ ಇದೆ. ನೋಡಲು ಚೆಂದ, ಸೂರ್ಯಾಸ್ತಕ್ಕೆ ಅದಕ್ಕಿಂತ ಬೇರೆ ಬೇಡ. ಆದರೆ ಮೂರು ವರ್ಷದ ಮಗುವನ್ನು ನೀರಿಗೆ ಬಿಡುವ ಜಾಗ ಅಲ್ಲ. ಅದೇ ಡೋರನ್ ನೋಡಿ, ಮರಳಿನ ಉದ್ದನೆಯ ನಾಲಿಗೆ, ಒಂದು ಕಡೆ ಬೊಡೆಗಾ ಬೇ, ಇನ್ನೊಂದು ಕಡೆ ಬಂದರು. ವಾಯವ್ಯದಿಂದ ಬರುವ ದೊಡ್ಡ ಅಲೆಗೆ ಬೊಡೆಗಾ ಹೆಡ್ ಅನ್ನುವ ಭೂಶಿರ ಅಡ್ಡ ನಿಂತಿರುವುದರಿಂದ ಅಲ್ಲಿ ನೀರು ಎಷ್ಟೋ ಸೌಮ್ಯ. ಮಕ್ಕಳಿದ್ದವರಿಗೆ ನನ್ನ ಓಟು ಅದಕ್ಕೇ. ಅಲ್ಲಿಯೂ ಕಣ್ಣು ಮುಚ್ಚಿ ಆರಿಸಬೇಡಿ. ತುದಿಯಲ್ಲಿ ಜೆಟ್ಟಿ ಅನ್ನುವ ಭಾಗ ಇದೆ, ಹೆಸರು ಕೇಳಿದರೇ ಬುಕ್ ಮಾಡಬೇಕು ಅನ್ನಿಸುತ್ತದೆ. ಮಂಜು ಕವಿದ ರಾತ್ರಿ ಹಡಗುಗಳಿಗೆ ಊದುವ ಫಾಗ್‌ಹಾರ್ನ್ ಆ ಕಡೆಯೇ ಇರುವುದು. ನಿದ್ದೆ ಹಗುರ ಇರುವವರು ಗೇಟಿನ ಕಡೆಯ ಸೈಟ್ ನೋಡಿಕೊಳ್ಳಿ.

ಮೊರೋ ಬೇ ಸ್ಟೇಟ್ ಪಾರ್ಕ್ ಕ್ಯಾಂಪ್‌ಗ್ರೌಂಡ್ ನೀರಿನ ಪಕ್ಕದಲ್ಲಿಲ್ಲ, ನಡುವೆ ರಸ್ತೆ ಇದೆ. ದೋಣಿ ನಿಲ್ಲಿಸುವ ಮರಿನಾ, ಹುಟ್ಟು ಹಾಕುವ ಪುಟ್ಟ ದೋಣಿ ಕಯಾಕ್, ಎಲ್ಲ ರಸ್ತೆಯ ಆಚೆ. ಹಾಗಂತ ಅದು ಕೆಟ್ಟದ್ದಲ್ಲ, ಗಾಳಿಗೆ ಮರಗಳ ಮರೆ ಇದೆ. ಮರಳಿನ ಪಕ್ಕವೇ ಬೇಕು ಅಂದರೆ ಸ್ವಲ್ಪ ಉತ್ತರಕ್ಕೆ ಮೊರೋ ಸ್ಟ್ರಾಂಡ್ ಇದೆ. ಅದು ಕಾರ್ ಪಾರ್ಕಿಂಗ್ ಥರದ ಬಯಲು, ಎದುರಿಗೆ ಕೊಲ್ಲಿ ಅಲ್ಲ, ಸಾಗರ. ಮಾಂಟೆರೇ ಬೇ ದಂಡೆಯ ನ್ಯೂ ಬ್ರೈಟನ್ ದಿಣ್ಣೆಯ ಮೇಲಿದೆ, ನೀರಿಗೆ ಇಳಿದು ಹೋಗಬೇಕು. 'ಅಯ್ಯೋ, ಇಳಿದು ಹೋಗಬೇಕಾ' ಅನ್ನುವವರಿಗೆ ಪಕ್ಕದ ಸೀಕ್ಲಿಫ್‌ನ ಕಥೆ ಹೇಳುತ್ತೇನೆ. ಅಲ್ಲಿ ಆರ್‌ವಿಗಳು, ಅಂದರೆ ಮಲಗುವ ಸೌಕರ್ಯ ಇರುವ ದೊಡ್ಡ ವಾಹನಗಳು, ಬೀಚಿನ ಮಟ್ಟದಲ್ಲೇ, ಅಲೆಯ ಎದುರಿಗೇ ನಿಲ್ಲುತ್ತಿದ್ದವು. 2023ರ ಜನವರಿಯ ಬಿರುಗಾಳಿ ಮಳೆಗೆ ಆ ಕ್ಯಾಂಪ್‌ಗ್ರೌಂಡ್ ನುಚ್ಚುನೂರಾಯಿತು. ಪಿಯರ್ ಮುರಿಯಿತು, ಅಳಿದುಳಿದದ್ದನ್ನು ಅದೇ ವರ್ಷ ಕೆಡವಿದರು. ದಿಣ್ಣೆಯ ಮೇಲಿನ ನ್ಯೂ ಬ್ರೈಟನ್‌ಗೆ ಅಂಥ ಭಯ ಇಲ್ಲ.

ಸ್ಯಾನ್ ರಫೇಲ್ ಬಳಿಯ ಚೈನಾ ಕ್ಯಾಂಪ್ ಬಗ್ಗೆ ನಮ್ಮವರು ಮಾತಾಡುವುದೇ ಕಡಿಮೆ. ಸ್ಯಾನ್ ಪ್ಯಾಬ್ಲೋ ಬೇ ಪಕ್ಕ ಗುಡ್ಡದ ಮರೆಯಲ್ಲಿದೆ, ಸಾಗರದ ಕಡೆ ಹಲ್ಲು ಕಡಿಯುವ ಚಳಿ ಇದ್ದಾಗಲೂ ಇಲ್ಲಿ ಬೆಚ್ಚಗಿರುತ್ತದೆ. ಕಾರು ನಿಲ್ಲಿಸಿ ಸಾಮಾನು ಹೊತ್ತು ಸ್ವಲ್ಪ ನಡೆಯಬೇಕು. ಏಂಜಲ್ ಐಲ್ಯಾಂಡ್ ಇನ್ನೂ ಮಜಾ, ಕೊಲ್ಲಿಯ ನಡುವೆಯೇ ರಾತ್ರಿ. ಆದರೆ ಫೆರಿಯಿಂದ ಇಳಿದ ಮೇಲೆ ಏರು ದಾರಿಯಲ್ಲಿ ಎರಡು ಮೈಲಿ ತನಕ ಎಲ್ಲ ಹೊರಬೇಕು. ಕುಕ್ಕರ್ ತರಬೇಡಿ ಅಂದರೂ ತಂದವರನ್ನು ಕಂಡಿದ್ದೇನೆ.

ವೆಬ್‌ಸೈಟ್‌ನಲ್ಲಿ ಬರೆದ 'ವಾಟರ್‌ಫ್ರಂಟ್' ಅನ್ನುವುದನ್ನು ಕ್ಯಾಂಪ್‌ಗ್ರೌಂಡ್‌ಗೆ ಹಚ್ಚಬೇಡಿ. ನೀರು ಕಾಣುವುದು ಆ ಕ್ಯಾಂಪ್‌ಗ್ರೌಂಡ್‌ನ ಕೆಲವೇ ಸೈಟ್ ನಂಬರುಗಳಿಗೆ. ಉಳಿದವರಿಗೆ ಕಾಣುವುದು ಮುಂದಿನವರ ಆರ್‌ವಿಯ ಬೆನ್ನು. ಮ್ಯಾಪ್ ತೆರೆದು ನಂಬರ್ ಹುಡುಕಿ, ಸ್ಯಾಟಲೈಟ್ ಚಿತ್ರದಲ್ಲಿ ಸೈಟಿನಿಂದ ನೀರಿಗೆ ಎಷ್ಟು ದೂರ ಅಂತ ಅಳೆಯಿರಿ. ಇಲ್ಲೇ ಇನ್ನೊಂದು ಮೋಸ ಕೂತಿದೆ. ಆ ಚಿತ್ರ ಯಾವುದೋ ಒಂದು ದಿನದ ಯಾವುದೋ ಒಂದು ಕ್ಷಣದ್ದು. ನೀರು ತುಂಬಿದ್ದಾಗ ತೆಗೆದದ್ದಾದರೆ ನೀಲಿ ಕೊಲ್ಲಿ ಸೈಟಿನ ಬುಡಕ್ಕೇ ಬಂದ ಹಾಗಿರುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನೂ ನೋಡಬಹುದು. ಒಂದೊಂದೇ ತಿರುಗಿಸಿ ನೋಡಿ. ಯಾವುದಾದರೂ ಒಂದರಲ್ಲಿ ಅದೇ ನೀಲಿ ಜಾಗ ಕಂದು ಕೆಸರಾಗಿ ಕಂಡರೆ ನಿಮಗೆ ವಿಷಯ ಗೊತ್ತಾಯಿತು ಅಂತ ಅರ್ಥ. ದೂರದ ಬೆಟ್ಟ ನುಣ್ಣಗೆ ಅಂದ ಹಾಗೆ, ಸ್ಯಾಟಲೈಟ್‌ನ ಕೊಲ್ಲಿಯೂ ನುಣ್ಣಗೇ.

ಈಗ ಅಸಲು ವಿಷಯ. ಉಬ್ಬರ ಇಳಿತ.

ಸರೋವರದ ಪಕ್ಕ ಕ್ಯಾಂಪ್ ಮಾಡಿ ಅಭ್ಯಾಸ ಇರುವವರಿಗೆ ನೀರು ಅಂದರೆ ಇದ್ದಲ್ಲೇ ಇರುವ ವಸ್ತು. ಕೊಲ್ಲಿಯಲ್ಲಿ ಹಾಗಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಮತ್ತು ಎರಡು ಸಲದ್ದೂ ಒಂದೇ ಮಟ್ಟ ಅಲ್ಲ. ಒಂದು ದೊಡ್ಡ ಉಬ್ಬರ, ಒಂದು ಸಣ್ಣದು. ಒಂದು ದೊಡ್ಡ ಇಳಿತ, ಒಂದು ಸಣ್ಣದು. ಪ್ರತಿ ದಿನ ಇದೆಲ್ಲ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಉಬ್ಬರ ಇಳಿತದ ಕೋಷ್ಟಕದಲ್ಲಿ ಸೊನ್ನೆ ಅಂತ ಇರುವುದು ದಿನದ ದೊಡ್ಡ ಇಳಿತಗಳ ಸರಾಸರಿ ಮಟ್ಟ. ಮೈನಸ್ ಕಂಡರೆ ಸರಾಸರಿಗಿಂತಲೂ ಕೆಳಗೆ ಹೋಗುತ್ತದೆ ಅಂತ. ಆ ದಿನ ಆಳ ಇಲ್ಲದ ಕೊಲ್ಲಿಯ ತಳ ಬಿಸಿಲು ಕಾಯುತ್ತದೆ.

ಅಮಾವಾಸ್ಯೆ ಹುಣ್ಣಿಮೆಗೆ ಏರಿಳಿತ ಜಾಸ್ತಿ, ಅಷ್ಟಮಿಯ ಹೊತ್ತಿಗೆ ಕಡಿಮೆ. ಇಷ್ಟು ಕರಾವಳಿ ಕಡೆಯವರಿಗೆಲ್ಲ ಗೊತ್ತಿರುತ್ತದೆ. ಗೊತ್ತಿಲ್ಲದ ಭಾಗ ಇದು: ಇಲ್ಲಿ ಬೇಸಿಗೆಯ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ದೊಡ್ಡ ಇಳಿತ ಬರುವುದು ನಸುಕಿನಲ್ಲಿ, ದೊಡ್ಡ ಉಬ್ಬರ ಬರುವುದು ರಾತ್ರಿ ಊಟ ಆಗಿ ಮಲಗುವ ಹೊತ್ತಿಗೆ. ಚಳಿಗಾಲದಲ್ಲಿ ಇದು ತಿರುವುಮುರುವು. ಡಿಸೆಂಬರ್ ಜನವರಿಯಲ್ಲಿ ಕಿಂಗ್ ಟೈಡ್ ಅಂತ ಕರೆಯುವ ಭಾರಿ ಉಬ್ಬರ ಬೆಳಗಿನ ಹೊತ್ತು ಬರುತ್ತದೆ, ಇಳಿತ ಮಧ್ಯಾಹ್ನದ ಮೇಲೆ. ನಮ್ಮವರು ಕ್ಯಾಂಪಿಂಗ್ ಹೋಗುವುದು ಬೇಸಿಗೆಯಲ್ಲಿ ತಾನೇ? ಹಾಗಾಗಿ ಬೇಸಿಗೆಯ ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ. ಜೂನ್ ಹುಣ್ಣಿಮೆಯ ಆಸುಪಾಸಿನ ಒಂದು ದಿನ ಸುಮಾರಾಗಿ ಹೀಗಿರುತ್ತದೆ: ಬೆಳಗ್ಗೆ ಆರರ ಹೊತ್ತಿಗೆ ಮೈನಸ್ 1 ಅಡಿ, ಮಧ್ಯಾಹ್ನ ಒಂದರ ಹೊತ್ತಿಗೆ 4 ಅಡಿ ಚಿಲ್ಲರೆ, ಸಂಜೆ ಎರಡೂವರೆ ಮೂರಡಿಗೆ ಇಳಿದು, ರಾತ್ರಿ ಹನ್ನೊಂದರ ಮೇಲೆ 6 ಅಡಿ ದಾಟುತ್ತದೆ. ಅಂದರೆ ನೀವು ಸಂಜೆ ಐದಕ್ಕೆ ಬಂದು 'ಇಲ್ಲಿ ಚೆನ್ನಾಗಿದೆ, ಇಲ್ಲೇ ಹಾಕೋಣ' ಅಂತ ಟೆಂಟ್ ಬಡಿದಾಗ ನೀರು ಇದ್ದ ಮಟ್ಟಕ್ಕಿಂತ ಮೂರು ನಾಲ್ಕು ಅಡಿ ಮೇಲಕ್ಕೆ ರಾತ್ರಿ ಅದು ಬರುತ್ತದೆ. ಮಟ್ಟಸವಾದ ಮರಳಿನಲ್ಲಿ ಮೂರು ಅಡಿ ಎತ್ತರ ಅಂದರೆ ಎಷ್ಟು ದೂರ ಒಳಗೆ ನುಗ್ಗುತ್ತದೆ ನೋಡಿ.

ಡೋರನ್, ನ್ಯೂ ಬ್ರೈಟನ್‌ನಂಥ ಕಾರ್ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಟೆಂಟ್ ಒದ್ದೆಯಾಗುವ ಭಯ ಇಲ್ಲ, ಸೈಟ್‌ಗಳನ್ನು ಎತ್ತರದಲ್ಲೇ ಮಾಡಿರುತ್ತಾರೆ. ಅಲ್ಲಿ ಹಾಳಾಗುವುದು ಬೆಳಗಿನ ಕಯಾಕ್ ಪ್ಲಾನು ಮಾತ್ರ. ನಿಜವಾದ ಬಲೆ ಇರುವುದು ಟೊಮಾಲೆಸ್ ಬೇಯಲ್ಲಿ. ಸ್ಯಾನ್ ಆಂಡ್ರಿಯಾಸ್ ಬಿರುಕಿನ ಮೇಲೆ ಕೂತ ಉದ್ದ ಕೊಲ್ಲಿ ಅದು, ಸುಮಾರು 15 ಮೈಲಿ ಉದ್ದ, ಅಗಲ ಒಂದು ಮೈಲಿ ಅಷ್ಟೇ. ಪಶ್ಚಿಮ ದಂಡೆಯ ಪುಟ್ಟ ಪುಟ್ಟ ಬೀಚ್‌ಗಳಲ್ಲಿ ದೋಣಿಯಲ್ಲಿ ಹೋಗಿ ಟೆಂಟ್ ಹಾಕಬಹುದು. ಪಾಯಿಂಟ್ ರೇಯ್ಸ್‌ನ ಪರ್ಮಿಟ್ ಬೇಕು. ಕುಡಿಯುವ ನೀರಿಲ್ಲ. ಮಾರ್ಷಲ್ ಬೀಚ್, ಟೊಮಾಲೆಸ್ ಬೀಚ್ ಬಿಟ್ಟರೆ ಟಾಯ್ಲೆಟ್ ಇಲ್ಲ, ಪೋರ್ಟಬಲ್ ಟಾಯ್ಲೆಟ್ ಹೊತ್ತುಕೊಂಡೇ ಹೋಗಬೇಕು. ಇಷ್ಟೆಲ್ಲ ಕಷ್ಟ ಇದ್ದೂ ಜನ ಮುಗಿಬೀಳುತ್ತಾರೆ, ಯಾಕೆಂದರೆ ಕತ್ತಲ ರಾತ್ರಿಯಲ್ಲಿ ಅಲ್ಲಿ ಹುಟ್ಟು ಹಾಕಿದರೆ ನೀರು ಹೊಳೆಯುತ್ತದೆ. ಕಣ್ಣಿಗೆ ಕಾಣದ ಜೀವಿಗಳ ಬೆಳಕು ಅದು.

ಆ ಹೊಳೆಯುವ ನೀರು ನೋಡಬೇಕಾದರೆ ಚಂದ್ರ ಇರಬಾರದು. ಹಾಗಾಗಿ ಎಲ್ಲರೂ ಆರಿಸುವುದು ಅಮಾವಾಸ್ಯೆ. ಅಮಾವಾಸ್ಯೆ ಅಂದರೆ ದೊಡ್ಡ ಉಬ್ಬರ. ಎರಡೂ ಒಂದೇ ರಾತ್ರಿ. ಬುಕ್ ಮಾಡುವಾಗ ಇದು ತಲೆಗೇ ಬರುವುದಿಲ್ಲ.

ನನ್ನ ಸ್ನೇಹಿತರ ಗುಂಪೊಂದು ಒಂದು ಜುಲೈ ಅಮಾವಾಸ್ಯೆ ಹಿಡಿದು ಹೊರಟಿತ್ತು, ನಾನೂ ಜೊತೆಗೆ ಹೋಗಿದ್ದೆ. ಕಯಾಕ್‌ಗಳು ಬಾಡಿಗೆಯವು, ಮರುದಿನ ಬೆಳಗ್ಗೆ ಹತ್ತಕ್ಕೆ ವಾಪಸ್ ಕೊಡುವ ಮಾತು. ರಾತ್ರಿ ಹೊಳೆಯುವ ನೀರು ನೋಡಿ ಬಂದು ಎಲ್ಲರೂ ಖುಷಿಯಲ್ಲಿ ಮಲಗಿದ್ದಾಯಿತು. ಮಧ್ಯರಾತ್ರಿ ಒಂದು ಟೆಂಟಿನವರು ಎದ್ದು ಕೂಗಿದರು, ಕಾಲಬುಡದಲ್ಲಿ ನೀರು. ಬೀಚು ಅಂತ ಇದ್ದದ್ದು ಬಂಡೆಗೂ ನೀರಿಗೂ ನಡುವೆ ಒಂದು ಚಾಪೆಯಷ್ಟು ಉಳಿದಿತ್ತು. ಟೆಂಟ್‌ಗಳನ್ನು ಒಳಗಿನ ಹಾಸಿಗೆ ಸಮೇತ ಎತ್ತಿಕೊಂಡು ಬಂಡೆಗೆ ಒತ್ತಿ ನಿಲ್ಲಿಸಿದೆವು. ಒಂದು ಕಯಾಕ್ ಆಗಲೇ ತೇಲತೊಡಗಿತ್ತು, ಒಬ್ಬರು ಸೊಂಟದ ಮಟ್ಟ ಇಳಿದು ಹಿಡಿದು ತಂದರು. ಸರಿ, ಇಷ್ಟರಲ್ಲೇ ಮುಗಿದಿದ್ದರೆ ನಗುವ ಕಥೆ ಆಗುತ್ತಿತ್ತು.

ಬೆಳಗ್ಗೆ ಗಾಳಿ ಏಳುವ ಮೊದಲು ಹೊರಡೋಣ ಅಂತ ಬೇಗ ಹೊರಟೆವು. ನೀರು ಕನ್ನಡಿ. ಇನ್ವರ್ನೆಸ್ ಕಡೆಯ ತುದಿಗೆ, ಅಂದರೆ ಕಾರು ನಿಲ್ಲಿಸಿದ ಕಡೆಗೆ, ಬರುತ್ತಾ ಬರುತ್ತಾ ಹುಟ್ಟು ತಳಕ್ಕೆ ತಾಗಲು ಶುರುವಾಯಿತು. ಕೊಲ್ಲಿಯ ಆ ದಕ್ಷಿಣದ ತುದಿ ಬಹಳ ಆಳ ಇಲ್ಲ. ನಾವು ಇಳಿದ ಜಾಗ ಕಣ್ಣೆದುರಿಗೇ ಇದೆ, ಕಾರು ಕಾಣುತ್ತಿದೆ, ನಡುವೆ ಫುಟ್‌ಬಾಲ್ ಮೈದಾನದಷ್ಟು ಕಪ್ಪು ಕೆಸರು. ಒಬ್ಬರು ಇಳಿದು ತಳ್ಳುತ್ತೇನೆ ಅಂದರು. ಇಟ್ಟ ಕಾಲು ಮೊಣಕಾಲಿನ ತನಕ ಹೋಯಿತು, ಎಳೆದಾಗ ಕಾಲು ಬಂತು, ಚಪ್ಪಲಿ ಬರಲಿಲ್ಲ. ಇನ್ನೊಂದು ಕಾಲೂರಿ ಎಳೆಯಲು ಹೋದರೆ ಅದೂ ಒಳಗೆ. ಕೊನೆಗೆ ಕಯಾಕ್ ಮೇಲೆ ಹೊಟ್ಟೆ ಊರಿ ಮಲಗಿ ಎರಡೂ ಕಾಲು ಬಿಡಿಸಿಕೊಂಡರು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳಾ ಅಂತಾರಲ್ಲ, ಇಲ್ಲಿ ಊರಿಗೆ ಬಂದವರು ನೀರೇ ಬರಲಿ ಅಂತ ಕೂತಿದ್ದೆವು. ಬಿಸ್ಕೆಟ್ ಖಾಲಿ, ಕುಡಿಯುವ ನೀರು ಖಾಲಿ ಆಗುತ್ತಾ ಬಂತು, ಮಕ್ಕಳ ಅಳು. ದಡ ಮುಟ್ಟುವಷ್ಟರಲ್ಲಿ ಬಾಡಿಗೆಯ ಹೊತ್ತು ಮೀರಿತ್ತು, ಪ್ರತಿ ಕಯಾಕ್‌ಗೂ ಇನ್ನೊಂದು ಪೂರ್ತಿ ದಿನದ ಬಾಡಿಗೆ ಹಾಕಿದರು. ವಾದ ಮಾಡಿದ್ದಕ್ಕೆ, ಸಹಿ ಮಾಡಿದ ಕಾಗದದಲ್ಲಿ ಅದು ಇತ್ತಲ್ಲ ಅಂದರು. ಇತ್ತು ನಿಜ. ಉಬ್ಬರ ಇಳಿತದ ಬಗ್ಗೆ ಮಾತ್ರ ಆ ಕೌಂಟರ್‌ನಲ್ಲಿ ಯಾರೂ ತುಟಿ ಬಿಚ್ಚಿರಲಿಲ್ಲ.

ಹಾಗಾಗಿ ಬುಕಿಂಗ್ ವೆಬ್‌ಸೈಟ್ ತೆರೆಯುವ ಮೊದಲು ಉಬ್ಬರದ ಕೋಷ್ಟಕ ತೆರೆಯಿರಿ. ಆರು ತಿಂಗಳ ಮುಂದಿನ ಹವಾಮಾನ ಯಾರಿಗೂ ಗೊತ್ತಿಲ್ಲ, ಆರು ತಿಂಗಳ ಮುಂದಿನ ಉಬ್ಬರ ಇಳಿತ ಗಂಟೆ ನಿಮಿಷದ ಸಮೇತ ಇವತ್ತೇ ಸಿಗುತ್ತದೆ. ಅಮೆರಿಕ ಸರ್ಕಾರದ ನೋವಾ (NOAA) ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಪುಕ್ಕಟೆ. ಕೋಷ್ಟಕ ಬೇಡ ಅನ್ನಿಸಿದರೆ ಮನೆಯ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ, ಅಮಾವಾಸ್ಯೆ ಹುಣ್ಣಿಮೆ ಬಿದ್ದ ವೀಕೆಂಡ್ ಬಿಡಿ, ಅಷ್ಟಮಿ ನವಮಿ ದಶಮಿ ಬಿದ್ದ ವೀಕೆಂಡ್ ಹಿಡಿಯಿರಿ. ಆ ದಿನಗಳಲ್ಲಿ ಏರಿಳಿತ ಸಣ್ಣದು, ಅದಕ್ಕಿಂತ ಮುಖ್ಯವಾಗಿ ಬೆಳಗಿನ ಹೊತ್ತು ಕೊಲ್ಲಿಯಲ್ಲಿ ನೀರು ಇರುತ್ತದೆ, ಇಳಿಯುವುದು ಮಧ್ಯಾಹ್ನಕ್ಕೆ. ಇದು ಯಾಕೆ ಮುಖ್ಯ ಅಂದರೆ ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದ್ದೇ ಏಳುತ್ತದೆ. ಒಳನಾಡು ಕಾದು ಸಮುದ್ರದ ತಣ್ಣಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ವೀಕೆಂಡ್‌ನಲ್ಲಿ ಬೆಳಗ್ಗೆ ಗಾಳಿ ಇಲ್ಲ, ನೀರೂ ಇಲ್ಲ. ಮಧ್ಯಾಹ್ನ ನೀರಿದೆ, ಗಾಳಿಯೂ ಇದೆ. ಕಯಾಕ್ ಮಾಡಲು ನಿಮಗೆ ಸಿಗುವುದು ನಡುವಿನ ಒಂದೆರಡು ಗಂಟೆ. ಅಷ್ಟಮಿಯ ವೀಕೆಂಡ್‌ನಲ್ಲಿ ಬೆಳಗಿನ ಪೂರ್ತಿ ನಿಮ್ಮದೇ.

ಹೊಳೆಯುವ ನೀರೇ ಬೇಕು ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ. ಅಮಾವಾಸ್ಯೆಗೇ ಹೋಗಿ, ಆದರೆ ಬೆಳಗ್ಗೆ ಹೊರಡುವ ಪ್ಲಾನ್ ಬಿಟ್ಟುಬಿಡಿ. ನೀರು ಏರಿದ ಮೇಲೆ, ಹನ್ನೊಂದರ ಮೇಲೆ ಹೊರಡಿ, ಕಯಾಕ್ ಬಾಡಿಗೆಯನ್ನು ಸಂಜೆಯವರೆಗೆ ಮಾತಾಡಿಕೊಳ್ಳಿ, ಗಾಳಿ ಇದ್ದೇ ಇರುತ್ತದೆ ಅಂತ ರಟ್ಟೆಗೆ ಹೇಳಿಟ್ಟಿರಿ. ಟೆಂಟ್ ಹಾಕುವಾಗ ಮರಳಿನ ಮೇಲೆ ಒಣಗಿದ ಪಾಚಿ ಕಡ್ಡಿಗಳ ಗೆರೆ ಹುಡುಕಿ. ಹಿಂದಿನ ಉಬ್ಬರ ಅಲ್ಲಿಗೆ ಬಂದಿತ್ತು. ಇವತ್ತಿನದು ಅದಕ್ಕಿಂತ ಎತ್ತರವೋ ತಗ್ಗೋ ಅಂತ ಕೋಷ್ಟಕದಲ್ಲಿ ನೋಡಿಕೊಂಡು, ಗೆರೆಗಿಂತ ಸಾಕಷ್ಟು ಮೇಲೆ ಟೆಂಟ್ ಹಾಕಿ. ಮೇಲೆ ಜಾಗವೇ ಇಲ್ಲದ ಬೀಚ್ ಆದರೆ ಬೆಳಕಿರುವಾಗಲೇ ಮುಂದಿನ ಬೀಚಿಗೆ ಹೋಗಿ. ಕಯಾಕ್‌ಗಳನ್ನು ಒಂದಕ್ಕೊಂದು ಕಟ್ಟಿ ಗಟ್ಟಿ ಮರಕ್ಕೆ ಬಿಗಿಯಿರಿ. ಕೊಲ್ಲಿಯ ಬಾಯಿಯ ಕಡೆ, ಹಾಗ್ ಐಲ್ಯಾಂಡ್ ದಾಟಿ ಉತ್ತರಕ್ಕೆ, ಹೊಸಬರು ಹೋಗಲೇಬೇಡಿ. ಅಲ್ಲಿ ಸಾಗರದ ಅಲೆ ಒಳಗೆ ಬರುತ್ತದೆ, ಇಳಿತದ ಸೆಳೆತ ಹೊರಗೆ ಎಳೆಯುತ್ತದೆ.

ಫೋನಿನ ಆ್ಯಪ್ ತೋರಿಸುವ ಸಮಯ ಬಹಳ ಸಲ ಗೋಲ್ಡನ್ ಗೇಟ್ ಬಳಿಯದು. ಟೊಮಾಲೆಸ್ ಬೇಯ ಬಾಯಿಗೆ ಒಂದು ಸಮಯ, ಒಳಗೆ ಇನ್ವರ್ನೆಸ್‌ಗೆ ನೀರು ತಲುಪುವುದು ತಡ. ನೋವಾದಲ್ಲಿ ಟೊಮಾಲೆಸ್ ಬೇ ಎಂಟ್ರನ್ಸ್, ಬ್ಲೇಕ್ಸ್ ಲ್ಯಾಂಡಿಂಗ್, ಮಾರ್ಷಲ್, ಇನ್ವರ್ನೆಸ್ ಅಂತ ಬೇರೆ ಬೇರೆ ಸ್ಟೇಷನ್ ಇವೆ. ನೀವು ಮಲಗುವ ಬೀಚಿಗೆ ಹತ್ತಿರದ್ದು ಒಂದು, ಕಾರು ನಿಲ್ಲಿಸುವ ಕಡೆಯದು ಇನ್ನೊಂದು, ಎರಡನ್ನೂ ನೋಡಿ. ಜನ ಮಲಗುವ ಜಾಗದ್ದು ನೋಡುತ್ತಾರೆ, ಇಳಿಯುವ ಹತ್ತುವ ಜಾಗದ್ದು ಮರೆಯುತ್ತಾರೆ. ನಮ್ಮನ್ನು ಕೆಡಿಸಿದ್ದು ಎರಡನೆಯದೇ. ಮೊರೋ ಬೇಯ ಹಿಂಭಾಗಕ್ಕೂ, ಚೈನಾ ಕ್ಯಾಂಪ್ ಎದುರಿನ ಸ್ಯಾನ್ ಪ್ಯಾಬ್ಲೋ ಬೇಗೂ ಇದೇ ಮಾತು. ಎರಡೂ ಕಡೆ ಇಳಿತದಲ್ಲಿ ಕೆಸರು ಬಯಲಾಗುತ್ತದೆ.

ಗಾಳಿಯ ಮಾತು ಬಂತಲ್ಲ, ಸೈಟ್ ನಂಬರ್ ಆರಿಸುವಾಗ ನನ್ನದು ಸ್ವಲ್ಪ ಉಲ್ಟಾ ಸಲಹೆ. ಮೊದಲ ಸಾಲು ಬಿಡಿ, ಎರಡನೇ ಸಾಲು ಹಿಡಿಯಿರಿ. ಮೊದಲ ಸಾಲಿನ ಸೈಟಿಗೆ ನೀರಿನ ಜೊತೆ ಗಾಳಿಯೂ ಪಾಲಿಗೆ ಬರುತ್ತದೆ. ಒಗ್ಗರಣೆ ಸೌಟು ಹಿಡಿದುಕೊಂಡು ಸ್ಟವ್‌ಗೆ ನಾಲ್ಕು ಕಡೆ ಕೂಲರ್ ಅಡ್ಡ ಇಟ್ಟು, ಆದರೂ ಉರಿ ಆರಿ, ಕೊನೆಗೆ ಕಾರಿನ ಹಿಂದೆ ಕೂತು ತಣ್ಣಗಿನ ಬ್ರೆಡ್ ತಿನ್ನುವವರು ಯಾರು ಅಂದರೆ ಮೊದಲ ಸಾಲಿನವರೇ. ಎರಡನೇ ಸಾಲಿನಲ್ಲಿ ಪೊದೆಯೋ ದಿಣ್ಣೆಯೋ ಮರೆ ಕೊಟ್ಟರೆ ಸಾಕು. ನೀರು ನೋಡಲು ಎದ್ದು ನೂರು ಹೆಜ್ಜೆ ನಡೆಯಿರಿ, ಏನಾಯಿತು ಈಗ? ಮೊದಲ ಸಾಲೇ ಬೇಕು ಅಂತ ಹಟ ಇದ್ದರೆ ಮರಳಿಗೆ ಉದ್ದನೆಯ ಗೂಟ ತನ್ನಿ, ಟೆಂಟ್ ಜೊತೆ ಬರುವ ಕಡ್ಡಿಗಳು ಮರಳಿನಲ್ಲಿ ನಿಲ್ಲುವುದಿಲ್ಲ.

ತಿಂಗಳ ಬಗ್ಗೆ ಒಂದು ಮಾತು. ಜೂನ್, ಜುಲೈ, ಆಗಸ್ಟ್‌ನಲ್ಲಿ ಈ ಕರಾವಳಿ ಮಂಜು ಹೊದ್ದು ಮಲಗಿರುತ್ತದೆ. ಸ್ಯಾನ್ ಹೊಸೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಹೊರಟವರು ಬೊಡೆಗಾದಲ್ಲಿ ಸ್ವೆಟರ್ ಹುಡುಕುತ್ತಾರೆ. ಸೆಪ್ಟೆಂಬರ್ ಅಕ್ಟೋಬರ್‌ಗೆ ಆಕಾಶ ತಿಳಿಯಾಗಿ ಬಿಸಿಲು ಬೀಳುತ್ತದೆ, ಆಗ ಸ್ಕೂಲು ಶುರುವಾಗಿ ಜನವೂ ಕಡಿಮೆ. ಆದರೆ ನಮ್ಮವರು ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ ಅಂತ ರಜಾ ನೋಡಿಯೇ ಬುಕ್ ಮಾಡುತ್ತಾರೆ. ಚಂದ್ರನಿಗೆ ಲಾಂಗ್ ವೀಕೆಂಡ್ ಗೊತ್ತಿಲ್ಲ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ. ಸೈಟ್ ಸಿಗದಿದ್ದರೆ ಖಾಲಿಯಾದಾಗ ತಿಳಿಸು ಅನ್ನುವ ಸೌಲಭ್ಯ ಸ್ಟೇಟ್, ಫೆಡರಲ್ ಎರಡು ವೆಬ್‌ಸೈಟ್‌ನಲ್ಲೂ ಇದೆ, ಹಾಕಿಡಿ. ಹತ್ತಿರ ಬಂದಂತೆ ಜನ ಕ್ಯಾನ್ಸಲ್ ಮಾಡುತ್ತಲೇ ಇರುತ್ತಾರೆ. ಮೆಸೇಜ್ ಬಂದ ಖುಷಿಗೆ ಬಟನ್ ಒತ್ತುವ ಮೊದಲು ಆ ದಿನದ ಉಬ್ಬರ ಒಂದು ಸಲ ನೋಡಿ. ಅವರು ಬಿಟ್ಟದ್ದು ಅದಕ್ಕೇ ಇರಬಹುದು.

ಸ್ಟೇಟ್ ಪಾರ್ಕ್‌ನಲ್ಲಿ ಒಂದು ಸೈಟಿಗೆ ಸಾಮಾನ್ಯವಾಗಿ ಎಂಟು ಜನ. ನಾಲ್ಕು ಕುಟುಂಬ ಒಂದೇ ಸೈಟಿಗೆ ತುಂಬಿಕೊಂಡು, ರೇಂಜರ್ ಬಂದಾಗ 'ಇವರು ಸುಮ್ನೆ ಊಟಕ್ಕೆ ಬಂದವರು' ಅನ್ನುವ ನಾಟಕ ಬೇಡ. ಅವರು ಇದನ್ನು ದಿನಾ ನೋಡುತ್ತಾರೆ. ಪಕ್ಕಪಕ್ಕದ ಎರಡು ಸೈಟ್ ತಗೊಳ್ಳಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಗಲಾಟೆ ಇಲ್ಲ, ಅಂತ್ಯಾಕ್ಷರಿಗೂ ಅದೇ ಗಡುವು. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಹಲವು ಬೀಚ್‌ಗಳಲ್ಲಿ ಸ್ನೋಯಿ ಪ್ಲವರ್ ಅನ್ನುವ ಪುಟ್ಟ ಹಕ್ಕಿ ಮರಳಿನಲ್ಲೇ ಮೊಟ್ಟೆ ಇಡುತ್ತದೆ. ಹಗ್ಗ ಕಟ್ಟಿದ ಕಡೆ ಹೋಗಬೇಡಿ, ಅಂಥ ಕಡೆ ನಾಯಿ, ಗಾಳಿಪಟ ಎರಡೂ ಬೇಡ. ಊಟದ ಡಬ್ಬಗಳನ್ನು ರಾತ್ರಿ ಮೇಜಿನ ಮೇಲೆ ಬಿಟ್ಟರೆ ರಕೂನ್‌ಗಳು ಮುಚ್ಚಳ ತೆಗೆದು ತಿನ್ನುತ್ತವೆ. ಚಿತ್ರಾನ್ನ ಅವಕ್ಕೆ ಬಹಳ ಇಷ್ಟ, ಕಂಡಿದ್ದೇನೆ.

ಕೊನೆಯದು ಮಂಗಳೂರು, ಕುಂದಾಪುರ, ಕಾರವಾರದ ಕಡೆಯವರಿಗೆ. ದೊಡ್ಡ ಇಳಿತದಲ್ಲಿ ಬಂಡೆಗಳ ಮೇಲೆ ಗೊಂಚಲು ಗೊಂಚಲ ಮಸಲ್ ಕಂಡು ಬಾಯಲ್ಲಿ ನೀರೂರುವುದು ಸಹಜ, ಊರಿನ ಪಚ್ಚಿಲೆ ನೆನಪಾಗುತ್ತದೆ. ಕೀಳಬೇಡಿ. ಪ್ರತಿ ವರ್ಷ ಮೇ 1ರಿಂದ ಅಕ್ಟೋಬರ್ 31ರವರೆಗೆ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ನಾವೇ ಕಿತ್ತ ಮಸಲ್ ತಿನ್ನುವುದಕ್ಕೆ ನಿಷೇಧ ಇದೆ. ಸೂಕ್ಷ್ಮ ಪಾಚಿಯಿಂದ ಅದರೊಳಗೆ ಸೇರುವ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ನರಗಳಿಗೇ ಹೊಡೆಯುತ್ತದೆ. ಉಳಿದ ತಿಂಗಳಲ್ಲೂ ಯಾವುದಾದರೂ ಎಚ್ಚರಿಕೆ ಇದೆಯೇ ಅಂತ ಮೊದಲು ನೋಡಬೇಕು. 16 ವರ್ಷ ತುಂಬಿದವರಿಗೆ ಫಿಶಿಂಗ್ ಲೈಸೆನ್ಸ್ ಬೇಕು, ದಿನಕ್ಕೆ ಇಷ್ಟೇ ಅಂತ ಮಿತಿಯೂ ಇದೆ. ಬೇಸಿಗೆಯ ಟ್ರಿಪ್‌ಗೆ ಮಾರುಕಟ್ಟೆಯಿಂದಲೇ ತಂದುಬಿಡಿ, ಸ್ವಂತ ಕೈಯಲ್ಲಿ ಕೀಳುವ ಆಸೆ ನವೆಂಬರ್‌ಗೆ ಇರಲಿ.